ಮದುವೆ ವಿಡಿಯೊ: ಡಿಸ್ಕ್‌ಗೆ ಇಳಿದದ್ದೆಷ್ಟು, ಉಳಿದದ್ದೆಷ್ಟು?

ಮದುವೆ ಆಲ್ಬಮ್‌ ಜೊತೆಗೆ ಸ್ಟುಡಿಯೊದವರು ಕೊಟ್ಟ ಡಿವಿಡಿ ನಮ್ಮಲ್ಲಿ ಹಲವರ ಬೀರುವಿನಲ್ಲಿದೆ. ಕವರಿನ ಮೇಲೆ ವಧೂವರರ ಫೋಟೊ, ಮೂಲೆಯಲ್ಲಿ ‘ಎಚ್‌ಡಿ’ ಎಂಬ ಅಕ್ಷರ. ಈಗಿನ ದೊಡ್ಡ ಟಿವಿಯಲ್ಲಿ ಹಾಕಿ ನೋಡಿದರೆ ಮುಖಗಳು ಮಸುಕು ಮಸುಕು, ಸೀರೆಯ ಜರಿಯಂಚು ಕಲಸಿಹೋದ ಹಾಗೆ. ಚಿತ್ರೀಕರಣ ನಡೆದದ್ದು ಒಳ್ಳೆಯ ಎಚ್‌ಡಿ ಕ್ಯಾಮೆರಾದಲ್ಲೇ. ಎಷ್ಟೋ ಸಲ ಗುಣಮಟ್ಟ ಸೋರಿಹೋಗುವುದು ಶೂಟಿಂಗ್‌ನಲ್ಲಲ್ಲ, ಡಿಸ್ಕ್‌ಗೆ ಬರ್ನ್ ಮಾಡುವಾಗ.

ಐದರಲ್ಲಿ ಒಂದು ಪಾಲು

ಪೂರ್ಣ ಎಚ್‌ಡಿ ಚಿತ್ರದ ಅಳತೆ 1920×1080. ಅಂದರೆ ಒಂದು ಫ್ರೇಮಿನಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳು. ಡಿವಿಡಿ ಪ್ಲೇಯರ್‌ಗೆ ಅರ್ಥವಾಗುವ ‘ಡಿವಿಡಿ ವಿಡಿಯೊ’ ಮಾದರಿ ರೂಪುಗೊಂಡದ್ದು 1990ರ ದಶಕದ ನಡುವಿನಲ್ಲಿ, ಅಂದಿನ ಟಿವಿಗಳಿಗಾಗಿ. ಭಾರತದಲ್ಲಿ ಬಳಕೆಯಲ್ಲಿರುವ ಪಾಲ್‌ ಪದ್ಧತಿಯಲ್ಲಿ ಅದರ ಮಿತಿ 720×576, ಸುಮಾರು 4.1 ಲಕ್ಷ ಚುಕ್ಕಿಗಳು. ಎಚ್‌ಡಿ ಫೈಲನ್ನು ಹೀಗೆ ಪರಿವರ್ತಿಸಿ ಬರ್ನ್ ಮಾಡಿದರೆ ಉಳಿಯುವುದು ಐದರಲ್ಲಿ ಒಂದು ಪಾಲು ಮಾತ್ರ. ಆ ಮೇಲೆ ಯಾವ ಸಾಫ್ಟ್‌ವೇರ್‌ನಿಂದ ಹಿಗ್ಗಿಸಿದರೂ ನಿಜವಾದ ವಿವರ ಮರಳಿ ಬರುವುದಿಲ್ಲ.

ಹಾಗೆಂದು ಡಿವಿಡಿಯಲ್ಲಿ ಎಚ್‌ಡಿ ಹಿಡಿಸುವುದೇ ಇಲ್ಲವೆಂದಲ್ಲ. ಡಿಸ್ಕ್‌ಗೆ ಗೊತ್ತಿರುವುದು ಜಾಗದ ಲೆಕ್ಕವೊಂದೇ: ಒಂದು ಪದರದ ಡಿವಿಡಿಗೆ 4.7 ಜಿಬಿ, ಎರಡು ಪದರದ್ದಕ್ಕೆ 8.5 ಜಿಬಿ. 2003ರಲ್ಲಿ ಬಂದ ಎಚ್‌.264 ತಂತ್ರದಿಂದ ಸೆಕೆಂಡಿಗೆ 8 ಮೆಗಾಬಿಟ್‌ನಂತೆ ಕುಗ್ಗಿಸಿದ ಒಂದು ಗಂಟೆಯ ಎಚ್‌ಡಿ ವಿಡಿಯೊಗೆ 3.6 ಜಿಬಿ ಸಾಕು. ಅದನ್ನು ‘ಡೇಟಾ ಡಿಸ್ಕ್’ ಆಗಿ ಬರ್ನ್ ಮಾಡಿದರೆ ಫೈಲ್ ಇದ್ದಂತೆಯೇ ಕೂರುತ್ತದೆ, ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತದೆ. ಹಳೆಯ ಡಿವಿಡಿ ಪ್ಲೇಯರ್ ಮಾತ್ರ ಅದನ್ನು ಮುಟ್ಟುವುದಿಲ್ಲ. ಸೋನಿ ಮತ್ತು ಪ್ಯಾನಸೋನಿಕ್ 2006ರಲ್ಲಿ ತಂದ ‘ಎವಿಸಿಎಚ್‌ಡಿ’ ಮಾದರಿ ಮೂರನೆಯ ದಾರಿ. ಸಾಮಾನ್ಯ ಡಿವಿಡಿಗೆ ಬರೆದ ಎಚ್‌ಡಿ ವಿಡಿಯೊ ಇದರಿಂದ ಅನೇಕ ಬ್ಲೂ-ರೇ ಪ್ಲೇಯರ್‌ಗಳಲ್ಲಿ ಓಡುತ್ತದೆ.

ನೀಲಿ ಬೆಳಕಿನ ಬಲ

ಒಂದೇ ಗಾತ್ರದ ತಟ್ಟೆಯಲ್ಲಿ ಬ್ಲೂ-ರೇಗೆ 25 ಜಿಬಿ ಹಿಡಿಸುವುದು ಹೇಗೆ? ಉತ್ತರ ಬೆಳಕಿನಲ್ಲಿದೆ. ಡಿವಿಡಿಯ ಕೆಂಪು ಲೇಸರ್‌ನ ತರಂಗಾಂತರ 650 ನ್ಯಾನೊಮೀಟರ್, ಬ್ಲೂ-ರೇಯ ನೀಲಿ-ನೇರಳೆ ಲೇಸರ್‌ನದು 405. ತರಂಗ ಚಿಕ್ಕದಾದಷ್ಟೂ ಬೆಳಕಿನ ಬಿಂದು ಸಣ್ಣದಾಗುತ್ತದೆ, ಗೆರೆಗಳನ್ನು ಒತ್ತೊತ್ತಾಗಿ ಬರೆಯಬಹುದು. ಡಿವಿಡಿಯಲ್ಲಿ ಗೆರೆಯಿಂದ ಗೆರೆಗೆ 0.74 ಮೈಕ್ರಾನ್ ಅಂತರವಿದ್ದರೆ ಬ್ಲೂ-ರೇಯಲ್ಲಿ 0.32. ಇದರ ಹಿಂದೆ ಜಪಾನಿನಲ್ಲಿ ನಡೆದ ದೀರ್ಘ ಸಂಶೋಧನೆಯಿದೆ. ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಂದಿತು.

2006ರಲ್ಲಿ ಬ್ಲೂ-ರೇ ಜೊತೆಗೇ ತೋಷಿಬಾದ ‘ಎಚ್‌ಡಿ ಡಿವಿಡಿ’ಯೂ ಮಾರುಕಟ್ಟೆಗಿಳಿದಿತ್ತು. 2008ರ ಫೆಬ್ರುವರಿಯಲ್ಲಿ ತೋಷಿಬಾ ಕೈಚೆಲ್ಲಿತು. ಗೆದ್ದ ಬ್ಲೂ-ರೇ ನಮ್ಮ ಊರುಗಳಲ್ಲಿ ಮನೆಮಾತಾಗುವ ಮೊದಲೇ ಪೆನ್‌ಡ್ರೈವ್ ಬಂದುಬಿಟ್ಟಿತು.

ತಡೆತಡೆದು ಓಡುವುದೇಕೆ?

ಎಚ್‌ಡಿ ಫೈಲ್ ಕಂಪ್ಯೂಟರಿನಲ್ಲಿ ತಡೆತಡೆದು ಓಡಿದರೆ ಮೊದಲು ಡ್ರೈವ್‌ನ ವೇಗ ನೋಡಬೇಕು. ಮೂಲವೇಗದಲ್ಲಿ ಡಿವಿಡಿ ಸೆಕೆಂಡಿಗೆ ಸುಮಾರು 11 ಮೆಗಾಬಿಟ್ ಒದಗಿಸುತ್ತದೆ, ಬ್ಲೂ-ರೇ 36. ಸೆಕೆಂಡಿಗೆ 25 ಮೆಗಾಬಿಟ್ ಬೇಡುವ ವಿಡಿಯೊ ಡಿವಿಡಿಯಲ್ಲಿದ್ದು, ಡ್ರೈವ್ ಮೂಲವೇಗದ ಎರಡು-ಮೂರು ಪಟ್ಟು ವೇಗದಲ್ಲಿ ಓದದಿದ್ದರೆ ಚಿತ್ರ ನಿಲ್ಲುತ್ತದೆ. ಫೈಲನ್ನು ಮೊದಲು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಕೊಂಡು ನೋಡಿದರೆ ಈ ತೊಂದರೆ ತಪ್ಪುತ್ತದೆ. ಆಗಲೂ ತಡೆದರೆ ಪ್ರೊಸೆಸರ್‌ಗೆ ಹೊರೆ ಹೆಚ್ಚಾಗಿದೆ ಎಂದರ್ಥ. ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಮಾಡಿದರೆ ಆ ಕೆಲಸ ಗ್ರಾಫಿಕ್ಸ್ ಚಿಪ್‌ಗೆ ಹೋಗುತ್ತದೆ. ಇನ್ನೊಂದು ಎಚ್ಚರ: ಫ್ಯಾಟ್-32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಸಾಕು. ಆದರೆ ಫಾರ್ಮ್ಯಾಟ್ ಮಾಡಿದಾಗ ಒಳಗಿರುವುದೆಲ್ಲ ಅಳಿಯುತ್ತದೆ, ಮೊದಲೇ ತೆಗೆದಿಟ್ಟುಕೊಳ್ಳಿ.

ಬಣ್ಣಕ್ಕೂ ಆಯುಸ್ಸಿದೆ

ಬರ್ನ್ ಮಾಡಿದ ಡಿವಿಡಿ ಅಂಗಡಿಯಲ್ಲಿ ಸಿಗುವ ಸಿನಿಮಾ ಡಿವಿಡಿಯಂತಲ್ಲ. ಸಿನಿಮಾ ಡಿಸ್ಕ್‌ನಲ್ಲಿ ಕುಳಿಗಳನ್ನು ಅಚ್ಚೊತ್ತಿರುತ್ತಾರೆ. ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿಯಲ್ಲಿ ಇರುವುದು ಸಾವಯವ ಬಣ್ಣದ ತೆಳು ಪದರ. ಲೇಸರ್ ಅದನ್ನು ಕಾಯಿಸಿ ಗುರುತು ಮೂಡಿಸುತ್ತದೆ. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಕಾಲಕ್ರಮೇಣ ಕೆಡುತ್ತದೆ. ಗೀರಿಲ್ಲದ, ಹೊಸದರಂತೆ ಹೊಳೆಯುವ ಡಿಸ್ಕ್ ಕೂಡ ಓದಲು ಬಾರದೆ ಹೋಗುವುದು ಇದರಿಂದಲೇ. ಕರಾವಳಿ, ಮಲೆನಾಡಿನ ಮಳೆಗಾಲ ಕಳೆಯುವ ಮನೆಗಳಲ್ಲಿ ಈ ಎಚ್ಚರ ಇನ್ನಷ್ಟು ಬೇಕು.

ಡಿಸ್ಕ್ ಕೆಡದಿದ್ದರೂ ಅದನ್ನು ಓದುವ ಯಂತ್ರ ಮರೆಯಾಗುತ್ತಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಕಾಣುವುದೇ ಅಪರೂಪ. ಬರೆಯಬಲ್ಲ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು.

ಈಗಲೇ ಮಾಡಬೇಕಾದದ್ದು

ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ಕೊಂಡರೂ ಸರಿ, ಎರವಲು ತಂದರೂ ಸರಿ, ಮನೆಯ ಡಿಸ್ಕ್‌ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ‘ವಿಡಿಯೊ ಟಿಎಸ್’ ಎಂಬ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಮತ್ತೆ ಕುಗ್ಗಿಸಲು ಹೋಗಬೇಡಿ, ಪ್ರತಿ ಸಲ ಕುಗ್ಗಿಸಿದಾಗಲೂ ಇನ್ನಷ್ಟು ವಿವರ ಹೋಗುತ್ತದೆ. ಕಾಪಿ ಆದ ವಿಡಿಯೊವನ್ನು ಮೊದಲು, ನಡುವೆ, ಕೊನೆಗೆ ಓಡಿಸಿ ನೋಡಿ. ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿಟ್ಟು, ಒಂದನ್ನು ಬೇರೆ ಊರಿನಲ್ಲಿರುವ ಅಣ್ಣನ ಮನೆಯಲ್ಲೋ ಮಗಳ ಮನೆಯಲ್ಲೋ ಇರಿಸಿ.

ಸ್ಟುಡಿಯೊದವರನ್ನೂ ಒಮ್ಮೆ ಕೇಳಿ. ಅವರ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ನಿಮ್ಮ ಮದುವೆಯ ಮೂಲ ಎಚ್‌ಡಿ ಫೈಲ್ ಇನ್ನೂ ಇರಬಹುದು. ಮುಂದೆ ಮನೆಯಲ್ಲಿ ನಡೆಯುವ ಮದುವೆ, ಗೃಹಪ್ರವೇಶಕ್ಕೆ ವಿಡಿಯೊದವರನ್ನು ಗೊತ್ತು ಮಾಡುವಾಗ ಆಲ್ಬಮ್‌ನ ಪುಟ ಎಷ್ಟು ಎಂದು ಕೇಳುವಷ್ಟೇ ಖಚಿತವಾಗಿ ‘ಮೂಲ ಎಚ್‌ಡಿ ಫೈಲ್ ಕೊಡುತ್ತೀರಾ?’ ಎಂದೂ ಕೇಳಿ. ಅಜ್ಜ ಅಜ್ಜಿಯ ನಗು, ಧಾರೆ ಎರೆಯುವಾಗ ಅಪ್ಪನ ಕಣ್ಣಲ್ಲಿ ಮೂಡಿದ ನೀರು ಕ್ಯಾಮೆರಾಕ್ಕೆ ಕಂಡಷ್ಟೇ ಸ್ಪಷ್ಟವಾಗಿ ಮೊಮ್ಮಕ್ಕಳಿಗೂ ಕಾಣಬೇಕು. ಅದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ, ಮೂಲ ಫೈಲನ್ನು ಕೇಳಿ ಪಡೆದು ಜೋಪಾನ ಮಾಡುವ ರೂಢಿ.