ಸೆಕೆಗಾಲದ ಹೆಗಲುಚೀಲ

ಒಂದು ಹಗಲಿನ ತಿರುಗಾಟಕ್ಕೆ ಚೀಲ ಕಟ್ಟುವುದು ದೊಡ್ಡ ವಿದ್ಯೆಯೇನೂ ಅಲ್ಲವೆಂದು ನಾವು ತಿಳಿದಿರುತ್ತೇವೆ. ಬೆಳಿಗ್ಗೆ ಹೊರಟು ಸಂಜೆ ಮನೆ ಸೇರುವವರಿಗೆ ಹಾಸಿಗೆ ಬೇಡ, ಕಂಬಳಿ ಬೇಡ, ಒಲೆಯೂ ಬೇಡ. ಆದರೂ ನಮ್ಮ ಕೆಮ್ಮಣ್ಣಿಗೆ ಸ್ವರ್ಣಾ ನದಿಯನ್ನೂ ತೂಗುಸೇತುವೆಯನ್ನೂ ನೋಡಲು ಬರುವವರ ಹೆಗಲುಗಳನ್ನು ಕಂಡಾಗ ನನಗನ್ನಿಸುವುದುಂಟು: ಬೇಕಾದದ್ದು ಚೀಲದಲ್ಲಿಲ್ಲ, ಚೀಲದಲ್ಲಿರುವುದು ಬೇಕಾಗಿಲ್ಲ. ಇದಕ್ಕೆ ಕಾರಣ ಅವರ ಅಲಕ್ಷ್ಯವಲ್ಲ. ಕರಾವಳಿಯ ಸೆಕೆಯ ಪರಿಚಯವಿಲ್ಲದಿರುವುದು.

ಬಿಸಿಲು ಬೇರೆ, ಸೆಕೆ ಬೇರೆ. ರಾಯಚೂರು, ಕಲಬುರಗಿಗಳ ಬೇಸಗೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಉಡುಪಿಯ ಬೇಸಗೆ ಬಹುಮಟ್ಟಿಗೆ 34ರ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಈ ಅಂಕೆಯನ್ನು ನಂಬಿದವರು ಮೋಸಹೋಗುತ್ತಾರೆ. ಬೆವರು ಸುರಿದ ಮಾತ್ರಕ್ಕೆ ಮೈ ತಣಿಯುವುದಿಲ್ಲ. ಆ ಬೆವರು ಆರಬೇಕು. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಮೈಯಿಂದ ಸೆಳೆದುಕೊಳ್ಳುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ಈ ಕೆಲಸ ಸರಾಗ. ಕಡಲ ತಡಿಯಲ್ಲಿ ಗಾಳಿಯೇ ನೀರಿನಿಂದ ತುಂಬಿರುವುದರಿಂದ ಬೆವರು ಆರದೆ ತೊಟ್ಟಿಕ್ಕುತ್ತದೆ. ಮೈಯ ನೀರೂ ಹೋಯಿತು, ಉಪ್ಪೂ ಹೋಯಿತು, ತಂಪು ಮಾತ್ರ ದಕ್ಕಲಿಲ್ಲ. ಸಾಲದ್ದಕ್ಕೆ, ಹೊರೆ ಹೆಚ್ಚಿದಷ್ಟೂ ದುಡಿಯುವ ಮೈ ತಾನೇ ಹೆಚ್ಚು ಶಾಖವನ್ನು ಹುಟ್ಟಿಸುತ್ತದೆ. ಆದ್ದರಿಂದ ಇಲ್ಲಿ ಹಗುರ ಚೀಲವೆಂಬುದು ಸೊಗಸಿನ ಮಾತಲ್ಲ, ಆರೋಗ್ಯದ ಮಾತು. ನೀರು, ಉಪ್ಪು, ನೆರಳು, ಒಂದು ಬಟ್ಟೆ, ಒಂದು ಬುತ್ತಿ: ಈ ಐದರ ಆಚೆಗಿನ ಪ್ರತಿಯೊಂದು ಸಾಮಾನೂ ತನ್ನ ತೂಕಕ್ಕೆ ಕಾರಣ ಹೇಳಬೇಕು.

ಮೊದಲನೆಯದು ನೀರು. ಬಿಸಿಲಿನಲ್ಲಿ ನಡೆಯುವವನು ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಬೆವರಬಲ್ಲ. ತಲೆಗೆ ಎರಡು ಲೀಟರು ನೀರೆಂದರೆ ಎರಡು ಕಿಲೋ ಹೊರೆ. ಆದರೆ ನಡೆದಂತೆ ಹಗುರವಾಗುವ ಹೊರೆ. ನದಿ ಪಕ್ಕದಲ್ಲಿಯೇ ಇದೆಯಲ್ಲ ಎನ್ನಬಾರದು. ಕಡಲು ಹತ್ತಿರವಾದ ಕಾರಣ ಬೇಸಗೆಯಲ್ಲಿ ಉಬ್ಬರದ ಉಪ್ಪುನೀರು ನಮ್ಮ ಸ್ವರ್ಣೆಯೊಳಕ್ಕೆ ಏರಿ ಬರುತ್ತದೆ. ಕಣ್ಣೆದುರು ನೀರಿದ್ದೂ ಬಾಯಿಗಿಲ್ಲ.

ಎರಡನೆಯದು ಉಪ್ಪು. ಬಿಸಿಲಲ್ಲಿ ನಡೆದು ಬಂದವರಿಗೆ ಆಸರಿಗೆಂದು ಬೆಲ್ಲವನ್ನೂ ನೀರನ್ನೂ ಮುಂದಿಡುವುದು, ದುಡಿದು ದಣಿದವರಿಗೆ ಕುಚ್ಚಿಲಕ್ಕಿಯ ಗಂಜಿತಿಳಿಗೆ ಉಪ್ಪು ಹಾಕಿ ಕೊಡುವುದು ನಮ್ಮ ಊರುಮನೆಗಳ ಪದ್ಧತಿ. ಇದರ ಹಿಂದಿನ ವಿವೇಕವನ್ನು ವೈದ್ಯಶಾಸ್ತ್ರ ಬೇರೊಂದು ದಾರಿಯಿಂದ ಕಂಡುಕೊಂಡಿತು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಸಾಲದೆ ಬಂದಾಗ, ಪಶ್ಚಿಮ ಬಂಗಾಳದ ಬನಗಾಂವಿನಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸು ಬೆರೆಸಿದ ನೀರನ್ನು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಕರುಳಿನಲ್ಲಿ ಸಕ್ಕರೆ ಉಪ್ಪಿನ ಕೈಹಿಡಿದು ರಕ್ತಕ್ಕೆ ಒಯ್ಯುತ್ತದೆ. ನೀರು ಅವುಗಳನ್ನು ಹಿಂಬಾಲಿಸುತ್ತದೆ. ಒಂದು ಲೀಟರು ಶುದ್ಧ ನೀರಿಗೆ ಸಮತಟ್ಟಾದ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು: ಇದು ಲೆಕ್ಕ. ಅಂಗಡಿಯಲ್ಲಿ ಸಿಗುವ ಪೊಟ್ಟಣವಾದರೆ ಚೀಲದಲ್ಲಿ ಅದರ ತೂಕವೇ ತಿಳಿಯದು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿರುವವರು ಮಾತ್ರ ವೈದ್ಯರನ್ನು ಕೇಳಿಯೇ ಇದನ್ನು ಬಳಸಬೇಕು.

ಇನ್ನು ನೆರಳು. ಗದ್ದೆಯಲ್ಲಿ ಬಗ್ಗಿ ದುಡಿಯುವವನ ಎರಡು ಕೈಗಳೂ ಕೆಲಸದಲ್ಲಿರುವುದರಿಂದ ಅವನಿಗೆ ಅಡಕೆಯ ಹಾಳೆಯ ಮುಟ್ಟಾಳೆ ಒಪ್ಪುತ್ತದೆ. ಬರಿಗೈಯಲ್ಲಿ ಸುತ್ತುವವನಿಗೆ ಕೊಡೆಯೇ ಮೇಲು. ಅದು ತಲೆಗಷ್ಟೇ ಅಲ್ಲದೆ ಹೆಗಲಿಗೂ ಬೆನ್ನಿಗೂ ನೆರಳಾಗುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಅಪರಾಹ್ಣ ಗುಡುಗು ಕೇಳಿಸಿತೆಂದರೆ ಮಾತ್ರ ಬಯಲಿನಲ್ಲಿ ಕೊಡೆ ಹಿಡಿದು ನಿಲ್ಲದೆ ಕಟ್ಟಡವೊಂದನ್ನು ಸೇರಿಕೊಳ್ಳಬೇಕು.

ಬಟ್ಟೆಯೆಂದರೆ ನಮ್ಮ ಬೈರಾಸು. ಒದ್ದೆಮಾಡಿ ಕುತ್ತಿಗೆಗೆ ಸುತ್ತಿಕೊಂಡರೆ ತಂಪು, ಹಾಸಿದರೆ ಆಸನ, ಗಾಯವಾದರೆ ಕಟ್ಟು. ಒಂದೇ ಸಾಮಾನು ನಾಲ್ಕು ಕೆಲಸಕ್ಕೆ ಒದಗುವುದೇ ಹಗುರ ಚೀಲದ ಗುಟ್ಟು.

ಬುತ್ತಿಯ ವಿಷಯದಲ್ಲಿ ನಮ್ಮ ಅಡುಗೆಮನೆಯೇ ಗುರು. ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬಿಗೆ ಪಾತ್ರೆ ಬೇಡ, ಚಮಚ ಬೇಡ; ಉಂಡ ಮೇಲೆ ಉಳಿಯುವುದು ಮಣ್ಣಿಗೆ ಸಲ್ಲುವ ಎಲೆ ಮಾತ್ರ. ತೆಂಗಿನಕಾಯಿಯ ಚಟ್ನಿಯನ್ನು ಮನೆಯಲ್ಲಿಯೇ ಬಿಡಿ. ಸೆಕೆಗೆ ಅದು ಮಧ್ಯಾಹ್ನದೊಳಗೆ ಹಳಸುತ್ತದೆ. ಮಾವಿನಮಿಡಿಯ ಉಪ್ಪಿನಕಾಯಿ ಕೆಡುವುದಿಲ್ಲ. ಬೆವರಿನಲ್ಲಿ ಹೋದ ಉಪ್ಪನ್ನೂ ಸ್ವಲ್ಪ ತಂದುಕೊಡುತ್ತದೆ.

ಹೋಗುವ ಜಾಗವನ್ನು ನೋಡಿ ಇದಕ್ಕೆ ಒಂದೊಂದನ್ನು ಸೇರಿಸಿಕೊಳ್ಳಬಹುದು. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ನಿಂತ 42 ಅಡಿಯ ಗೊಮ್ಮಟನ ಬಳಿಗೆ ಹೋಗುವವರು ಪಾದರಕ್ಷೆ ಕಳಚಬೇಕು. ಕಾದ ಬಂಡೆಗೆ ಒಂದು ಜೊತೆ ದಪ್ಪ ಕಾಲುಚೀಲ ಸಾಕು, ಮುಂಜಾನೆಯಾದರೆ ಅದೂ ಬೇಡ. ಎಲ್ಲವನ್ನೂ ಬಿಟ್ಟು ನಿಂತವನನ್ನು ನೋಡಲು ಎಲ್ಲವನ್ನೂ ಹೊತ್ತು ಹತ್ತುವುದು ಹೇಗೂ ಶೋಭಿಸದು. ಕೋಡಿಬೆಂಗ್ರೆಯ ಅಳಿವೆಯ ಮರಳಿಗೆ ಹೋಗುವವರು ತೂಕವಿಲ್ಲದ ಸಾಮಾನೊಂದನ್ನು ಒಯ್ಯಬೇಕು: ಉಬ್ಬರದ ಹೊತ್ತಿನ ತಿಳಿವಳಿಕೆ. ಉಬ್ಬರ ಹಗಲುರಾತ್ರಿಯಲ್ಲಿ ಸಾಮಾನ್ಯವಾಗಿ ಎರಡು ಸಲ ಬರುತ್ತದೆ. ನಾಳೆಯದು ಇಂದಿನದಕ್ಕಿಂತ ಸುಮಾರು 50 ನಿಮಿಷ ತಡ. ಮೀನುಗಾರರನ್ನು ಕೇಳಿದರೆ ಗಡಿಯಾರ ನೋಡದೆಯೇ ಹೇಳುತ್ತಾರೆ.

ಇನ್ನೂ ಒಂದು ತಿಳಿವಳಿಕೆ ಜೊತೆಗಿರಬೇಕು. ತಲೆನೋವು, ಓಕರಿಕೆ, ಸ್ನಾಯುಗಳ ಸೆಳೆತ ಇವು ಸೆಕೆಯ ಮೊದಲ ಎಚ್ಚರಿಕೆಗಳು. ಆಗಲೇ ನೆರಳಿಗೆ ಹೋಗಿ ಕುಳಿತು ನೀರು ಕುಡಿಯಬೇಕು. ಮೈ ಕಾದು ಮಾತು ತಪ್ಪತೊಡಗಿದರೆ ಅದು ಪ್ರಾಣಕ್ಕೆ ಬಂದ ಅಪಾಯ. ಉಡುಪು ಸಡಿಲಿಸಿ, ಮೈಗೆಲ್ಲ ನೀರು ಹಾಕಿ, ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು. ಇಂಥ ಹೊತ್ತಿನಲ್ಲಿ ಅರ್ಧ ಲೀಟರು ನೀರು, ಒಂದು ಬೈರಾಸು, ಒಂದು ಕೊಡೆ ಮಾಡುವ ಉಪಕಾರವನ್ನು ದುಬಾರಿ ಚೀಲ ಮಾಡಲಾರದು.

1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ತಾನೇ ಹೊಲಿದ ಬಟ್ಟೆಯ ಚೀಲವೊಂದನ್ನು ಹೆಗಲಿಗೇರಿಸಿ ಅಮೆರಿಕದ ಅಪಲೇಷಿಯನ್ ಬೆಟ್ಟದಾರಿಯನ್ನು ಕೊನೆಯವರೆಗೂ ನಡೆದಳು. ಅದು 3,000 ಕಿಲೋಮೀಟರಿಗೂ ಮಿಕ್ಕಿದ ದಾರಿ. ನಮ್ಮದು ಒಂದು ಹಗಲಿನ ಹಾದಿ. ಹೊರಡುವ ಮೊದಲು ಚೀಲವನ್ನು ಒಮ್ಮೆ ನೆಲಕ್ಕೆ ಸುರಿದು, ಇದು ನನ್ನ ಮೈಗೆ ಬೇಕೋ ನನ್ನ ಅಂಜಿಕೆಗೆ ಬೇಕೋ ಎಂದು ಒಂದೊಂದನ್ನೂ ಕೇಳಿ ನೋಡಿ. ಅಂಜಿಕೆಯ ಸಾಮಾನು ಮನೆಯಲ್ಲಿ ಉಳಿಯಲಿ. ಆ ಜಾಗದಲ್ಲಿ ಇನ್ನೊಂದು ಬಾಟಲಿ ನೀರು ಹಿಡಿಸುತ್ತದೆ.