ಒಂದೇ ರೂಪಾಯಿಗೆ ಎರಡು ವೇಷವೇಕೆ?

ಪ್ರಶ್ನೆ: ಎಕ್ಸೆಲ್‌ನಲ್ಲಿ ‘ಕರೆನ್ಸಿ’, ‘ಅಕೌಂಟಿಂಗ್’ ಎಂಬ ಎರಡು ಫಾರ್ಮ್ಯಾಟ್‌ಗಳಿವೆ. ಎರಡರಲ್ಲೂ ₹ ಚಿಹ್ನೆ ಬರುತ್ತದಲ್ಲ, ವ್ಯತ್ಯಾಸವೇನು?

ಉತ್ತರ: ಕರೆನ್ಸಿಯಲ್ಲಿ ಚಿಹ್ನೆ ಅಂಕಿಗೆ ಅಂಟಿಕೊಂಡೇ ಇರುತ್ತದೆ. ಬಿಡಿ ಬೆಲೆ ಬರೆಯಲು ಅದು ಸಾಕು. ಅಕೌಂಟಿಂಗ್ ಹುಟ್ಟಿದ್ದು ಖಾತೆ ಪುಸ್ತಕದ ಶಿಸ್ತಿನಿಂದ: ಚಿಹ್ನೆ ಕೋಶದ ಎಡ ಅಂಚಿಗೆ ಸರಿಯುತ್ತದೆ, ದಶಮಾಂಶ ಬಿಂದುಗಳು ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತವೆ, ಸೊನ್ನೆಯ ಜಾಗದಲ್ಲಿ ಅಡ್ಡಗೆರೆ ಕಾಣುತ್ತದೆ. ಉದ್ದನೆಯ ಕಾಲಂನಲ್ಲಿ ಕಣ್ಣಾಡಿಸುವವರಿಗೆ ಇದೇ ಹಿತ. ಫಾರ್ಮ್ಯಾಟ್ ಕೋಡ್‌ನಲ್ಲಿ ನಕ್ಷತ್ರ ಚಿಹ್ನೆಯ ಮುಂದೆ ಒಂದು ಖಾಲಿ ಜಾಗವಿರುತ್ತದೆ; ನಡುವಿನ ತೆರವನ್ನು ತುಂಬುವುದು ಅದೇ. ಹೀಗಾಗಿ ಈ ಅಂಕಿಗಳನ್ನು ಕೋಶದ ಮಧ್ಯಕ್ಕೆ ತರಲು ಹೊರಟರೆ ಅವು ಕದಲುವುದಿಲ್ಲ. (ಎಷ್ಟೋ ಜನ ಇದನ್ನು ಸಾಫ್ಟ್‌ವೇರ್ ದೋಷ ಎಂದುಕೊಳ್ಳುತ್ತಾರೆ!)

ಲಕ್ಷ, ಕೋಟಿಗಳ ಅಲ್ಪವಿರಾಮ ಬೇರೆಯೇ ವಿಷಯ. 1,00,000 ಬದಲು 100,000 ಎಂದು ಬರುತ್ತಿದ್ದರೆ ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್‌ನಲ್ಲಿ ಭಾರತವನ್ನು ಆರಿಸಿ.

ಕರೆನ್ಸಿ, ಅಕೌಂಟಿಂಗ್ ಎರಡೂ ಬರೀ ತೋರಿಕೆ. ಒಳಗಿನ ಮೌಲ್ಯ ಬದಲಾಗದು. 10.004 ಎರಡು ಸಲ ಇದ್ದರೆ 10.00, 10.00 ಎಂದು ಕಾಣುತ್ತದೆ, ಮೊತ್ತ ಮಾತ್ರ 20.01! ಬಿಲ್ಲಿನಲ್ಲಿ ಈ ಪೈಸೆಯ ಜಗಳ ಬೇಡವೆಂದರೆ ರೌಂಡ್ ಫಂಕ್ಷನ್ ಬಳಸಿ.