ವೀರಗಲ್ಲಿನಲ್ಲಿ ಇಲ್ಲದವನು

ಗುಬ್ಬಿ ತಾಲ್ಲೂಕಿನ ಕಡಬ ಶಾಸನಾಸಕ್ತರಿಗೆ ಅಪರಿಚಿತವಾದ ಊರಲ್ಲ. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಗೋವಿಂದನ ಕಾಲದ, ಶಕವರ್ಷ 735ರ ತಾಮ್ರಪಟಗಳು ಈ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಕುನುಂಗಿಲ್ ದೇಶವನ್ನು, ಎಂದರೆ ಇಂದಿನ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಪೀಡೆ ತಗುಲಿತ್ತು. ಅರ್ಕಕೀರ್ತಿಯೆಂಬ ಜೈನಮುನಿ ಅದನ್ನು ಪರಿಹರಿಸಿದನು. ಆ ಉಪಕಾರದ ನೆನಪಿಗೆ ಜಾಲಮಂಗಲವೆಂಬ ಗ್ರಾಮ ದತ್ತಿಯಾಯಿತು. ಆಳುವವನೊಬ್ಬನು ಪೀಡೆಯಿಂದ ಪಾರಾದ ಸಂಗತಿ ಹೀಗೆ ತಾಮ್ರಕ್ಕೇರಿ ನಮ್ಮವರೆಗೆ ಬಂದಿದೆ. ಅಂಥ ಅರಸರಿಗಾಗಿ ಕತ್ತಿ ಹಿಡಿದು, ಗಾಯಗೊಂಡು, ಸಾಯದೆ ಮನೆಗೆ ಮರಳಿದ ಬಂಟನ ಸುದ್ದಿ ಎಲ್ಲಿದೆ?

ಬಂಟನ ಸುದ್ದಿ ವೀರಗಲ್ಲಿನ ಮೇಲಿದೆಯಲ್ಲ ಎಂದು ಓದುಗರು ಹೇಳಬಹುದು. ಊರಮುಂದಿನ ಬಯಲಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ನಿಂತಿರುವ ಈ ಕಲ್ಲುಗಳನ್ನು ಕಾಣದ ಕನ್ನಡಿಗರಿಲ್ಲ. ಆದರೆ ಅವುಗಳ ಶಿಲ್ಪಕ್ರಮವನ್ನು ಗಮನಿಸಿ ನೋಡಬೇಕು. ಸಾಮಾನ್ಯವಾಗಿ ಮೂರು ಹಂತಗಳು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಕೆಳಗಿನ ಹಂತದಿಂದ ನಡುವಣ ಹಂತಕ್ಕೆ ಹೋಗಲು ಸಾವೊಂದೇ ದಾರಿ. ಬಾಣವನ್ನು ಕೀಳಿಸಿಕೊಂಡು ತಿಂಗಳುಗಟ್ಟಲೆ ಮಲಗಿ ಎದ್ದವನಿಗೆ ಈ ಮೂರರಲ್ಲಿ ಎಲ್ಲಿಯೂ ಎಡೆಯಿಲ್ಲ. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಕೊಟ್ಟ ಉದಾರಿಗಳೇ ನಮ್ಮ ಹಿರಿಯರು. ಆದರೂ ಅವರ ಕಲ್ಲು ನೆನೆದದ್ದು ಮಡಿದವನನ್ನೇ.

ಕಾವ್ಯದ ರೀತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಉಂಡ ಜೋಳದ ಋಣವನ್ನು ಪ್ರಾಣಕೊಟ್ಟು ತೀರಿಸುವ ಜೋಳವಾಳಿಯ ಆದರ್ಶ ಪಂಪನ ಕಾಲದ ಕನ್ನಡ ನಾಡಿನ ಉಸಿರಾಗಿತ್ತು. ವ್ಯಾಸಭಾರತದ ಭೀಷ್ಮಪರ್ವದಲ್ಲಿ, ಶರಶಯ್ಯೆಯ ಮೇಲಿದ್ದ ಪಿತಾಮಹನ ಬಳಿಗೆ ಶಲ್ಯ ತೆಗೆಯುವುದರಲ್ಲಿ ನಿಪುಣರಾದ ವೈದ್ಯರು ಉಪಕರಣಗಳೊಡನೆ ಬರುತ್ತಾರೆ. ಭೀಷ್ಮನು ಅವರಿಗೆ ಧನವಿತ್ತು ಸತ್ಕರಿಸಿ ಕಳುಹಿಸೆಂದು ದುರ್ಯೋಧನನಿಗೆ ಹೇಳುತ್ತಾನೆ; ತನಗಿನ್ನು ಅವರಿಂದ ಆಗಬೇಕಾದುದೇನೂ ಇಲ್ಲವೆನ್ನುತ್ತಾನೆ. ಈ ನಿರಾಕರಣೆಯ ಭವ್ಯತೆಗೆ ತಲೆದೂಗುವ ನಾವು, ಬಂದ ದಾರಿಯಲ್ಲಿ ಹಿಂದಿರುಗಿದ ಆ ವೈದ್ಯರನ್ನು ಮರೆತುಬಿಡುತ್ತೇವೆ. ಆ ಇರುಳು ಅವರು ಇನ್ನಾವ ಡೇರೆಗಳಿಗೆ ಹೋದರು? ಭೀಷ್ಮನಿಗೆ ಬೇಡವಾದ ಚಿಕಿತ್ಸೆ ಹೆಸರಿಲ್ಲದ ಸಾವಿರಾರು ಕಾಲಾಳುಗಳಿಗೆ ಬೇಕಾಗಿತ್ತಲ್ಲವೆ?

ಹಾಗೆಂದ ಮಾತ್ರಕ್ಕೆ ಪ್ರಾಚೀನರಿಗೆ ಈ ಕರ್ತವ್ಯದ ಅರಿವಿರಲಿಲ್ಲವೆಂದು ಭಾವಿಸಬಾರದು. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವನ್ನೇ ನೋಡಬಹುದು. ಅದರ ಸಾಂಗ್ರಾಮಿಕ ಅಧಿಕರಣದಲ್ಲಿ ಸೈನ್ಯದ ಹಿಂಭಾಗದಲ್ಲಿ ಇರಬೇಕಾದವರನ್ನು ಹೇಳಿದೆ: ಶಸ್ತ್ರ, ಯಂತ್ರ, ಔಷಧ, ಎಣ್ಣೆ, ಬಟ್ಟೆಗಳನ್ನು ಕೈಯಲ್ಲಿ ಹಿಡಿದ ಚಿಕಿತ್ಸಕರು, ಅನ್ನಪಾನಗಳನ್ನು ನೋಡಿಕೊಳ್ಳುವ ಸ್ತ್ರೀಯರು. ಸುಶ್ರುತ ಸಂಹಿತೆಯಲ್ಲಿ ಯುಕ್ತಸೇನೀಯವೆಂಬ ಅಧ್ಯಾಯವೇ ಉಂಟು. ದಂಡಿನೊಡನೆ ಹೋಗುವ ವೈದ್ಯನ ಬಿಡಾರ ಅರಸನ ಬಿಡಾರದ ಸಮೀಪದಲ್ಲಿರಬೇಕು. ವಿಷ, ಶಲ್ಯ, ರೋಗಗಳಿಂದ ಪೀಡಿತರಾದವರು ತಡವರಿಸದೆ ಬಂದು ಸೇರುವಂತೆ ಅವನು ಧ್ವಜದ ಹಾಗೆ ದೂರದಿಂದಲೇ ಕಾಣುತ್ತಿರಬೇಕು ಎಂಬುದು ಅಲ್ಲಿಯ ಆಶಯ.

ಗ್ರಂಥದಲ್ಲಿದ್ದುದು ಬಾಳಿನಲ್ಲಿಯೂ ಉಳಿದಿತ್ತೆ? ಇದಕ್ಕೆ ನಮ್ಮ ನಾಡಿನ ಯುದ್ಧವೊಂದರಿಂದಲೇ ಉತ್ತರ ದೊರೆಯುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಕುಣಿಗಲ್ ಸೀಮೆಯ ಹುತ್ರಿದುರ್ಗ 1791ರ ಡಿಸೆಂಬರಿನಲ್ಲಿ ಇಂಗ್ಲಿಷರ ವಶವಾಯಿತು. ಮರುವರ್ಷ ಕಾಳಗ ಶ್ರೀರಂಗಪಟ್ಟಣವನ್ನು ಮುಟ್ಟಿತು. ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್ಜಿಯೆಂಬ ಮರಾಠಿಗನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷಕ್ಕೂ ಮೀರಿ ಹಾಗೆಯೇ ಇದ್ದವನಿಗೆ ಪುಣೆಯ ಬಳಿ, ಇಟ್ಟಿಗೆ ಮಾಡುವ ಕುಲದವನೊಬ್ಬನು ಹೊಸ ಮೂಗನ್ನು ಮಾಡಿಕೊಟ್ಟನು. ಮೇಣದ ತೆಳುವಾದ ಹಾಳೆಯಿಂದ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲಿಟ್ಟು ಗೆರೆ ಎಳೆದು, ಚರ್ಮವನ್ನು ಬಿಡಿಸಿದನು. ಹುಬ್ಬುಗಳ ನಡುವೆ ಒಂದು ಎಳೆ ಅಂಟಿಕೊಂಡಿರುವಂತೆ ಉಳಿಸಿ, ಕೆಳಕ್ಕೆ ತಿರುಗಿಸಿ ಕೂಡಿಸಿದನು. ಮೇಲೆ ನೀರಿನಲ್ಲಿ ಕಲಸಿದ ಕಾಚನ್ನು ಸವರಿದ ಬಟ್ಟೆಯ ಪಟ್ಟಿ. ನಾಲ್ಕು ದಿನಗಳ ಬಳಿಕ ತುಪ್ಪದಲ್ಲಿ ಅದ್ದಿದ ಬಟ್ಟೆ. ಇದನ್ನು ಕಣ್ಣಾರೆ ಕಂಡ ಇಂಗ್ಲಿಷ್ ವೈದ್ಯರಿದ್ದರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಈ ವರದಿಯನ್ನು ಚಿತ್ರಸಹಿತ ಪ್ರಕಟಿಸಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಸೈನ್ಯಾಧಿಕಾರಿಯೊಬ್ಬನಿಗೆ ಅದೇ ಚಿಕಿತ್ಸೆ ಮಾಡಿ, 1816ರಲ್ಲಿ ಗ್ರಂಥ ಬರೆದನು. ಯುರೋಪಿನ ಆಧುನಿಕ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯ ಬೆಳವಣಿಗೆಗೆ ಇದೊಂದು ಮುಖ್ಯ ಮೆಟ್ಟಿಲಾಯಿತು.

ಎತ್ತಿನವನ ಹೆಸರು ನಮಗೆ ಗೊತ್ತು. ಅವನಿಗೆ ಕಂಪನಿಯ ವಿಶ್ರಾಂತಿವೇತನವಿತ್ತೆಂಬುದೂ ಗೊತ್ತು. ಅವನು ಗುಣವಾದುದನ್ನು ಬರೆದಿಡಲು ಒಬ್ಬರು ಮನಸ್ಸು ಮಾಡಿದುದೇ ಇದಕ್ಕೆ ಕಾರಣ. ಅವನಿಗೆ ಮೂಗು ಕೊಟ್ಟ ಕುಶಲಿಯ ಹೆಸರನ್ನು ಮಾತ್ರ ಆ ವರದಿ ಹೇಳುವುದಿಲ್ಲ.

ಮುಂದೆಯೂ ಈ ಮರೆವು ನಿಲ್ಲಲಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಅಶ್ವದಳಗಳು ಹೈಫಾ ಪಟ್ಟಣವನ್ನು ಹಿಡಿದುವು. ಮಡಿದವರು 8 ಮಂದಿ, ಗಾಯಗೊಂಡವರು 34 ಮಂದಿ ಎಂದು ಲೆಕ್ಕ. ಮೈಸೂರು ದಳದಲ್ಲಿ ಮಡಿದವರಿಗೆ ಬೆಂಗಳೂರಿನಲ್ಲಿ ಸ್ಮಾರಕಸ್ತಂಭವಿದೆ. ಅದು ಉಚಿತವೇ ಸರಿ. ನಾಲ್ಕು ಪಟ್ಟಿಗೂ ಮಿಕ್ಕಿದ ಆ ಗಾಯಾಳುಗಳ ಮುಂದಿನ ದಿನಗಳನ್ನು ಕೇಳಿದವರೆಷ್ಟು ಜನ? ಕೈಕಾಲು ಕಳೆದುಕೊಂಡ ಯೋಧರಿಗಾಗಿ ಕೃತಕ ಅವಯವ ಕೇಂದ್ರವೊಂದು ಪುಣೆಯಲ್ಲಿ ಸ್ಥಾಪಿತವಾದುದು 1944ರಲ್ಲಿ. ಕಾವಸ್ಜಿಗೆ ಮೂಗು ದೊರೆತ ಸೀಮೆಯಲ್ಲಿಯೇ, ಅವನಿಗೆ ದೊರೆಯದೆ ಹೋದ ಕೈಯನ್ನು ಇತರರಿಗೆ ಕೊಡುವ ಕೆಲಸ ಸುಮಾರು ಒಂದೂವರೆ ಶತಮಾನದ ಮೇಲೆ ಆರಂಭವಾಯಿತು.

ಜೋಳದ ಋಣ ಒಮ್ಮುಖವಾದುದಲ್ಲ. ಉಂಡವನು ತೀರಿಸಿದ ಮೇಲೆ ಉಣಿಸಿದವನ ತಲೆಯ ಮೇಲೊಂದು ಋಣ ನಿಲ್ಲುತ್ತದೆ. ಸತ್ತವನ ಋಣವನ್ನು ಕಲ್ಲು ನೆಟ್ಟು, ಭೂಮಿ ಕೊಟ್ಟು ತೀರಿಸಿದೆವೆನ್ನಬಹುದು; ಬದುಕಿದವನ ಋಣ ಅವನು ಬದುಕಿರುವಷ್ಟು ದಿನವೂ ತೀರಿಸಬೇಕಾದುದು. ಅದರಲ್ಲಿ ಸರ್ಕಾರದ ಪಾಲು ದೊಡ್ಡದು; ಸಾಹಿತ್ಯದ ವಿದ್ಯಾರ್ಥಿಯ ಪಾಲೂ ಸ್ವಲ್ಪವಿದೆ. ರಜೆಯಲ್ಲಿ ಹಳ್ಳಿಗಳಿಗೆ ಹೋಗಿ ವೀರಗಲ್ಲುಗಳ ಪ್ರತಿ ತೆಗೆಯುವ ತರುಣರು, ಅದೇ ಊರಿನಲ್ಲಿ ಗಾಯಗೊಂಡು ಮರಳಿದ ಮಾಜಿ ಯೋಧನಿದ್ದರೆ ಅವನ ಜಗುಲಿಯಲ್ಲಿಯೂ ಒಂದು ಗಳಿಗೆ ಕುಳಿತುಕೊಳ್ಳಲಿ. ಅವನನ್ನು ಹೊತ್ತು ತಂದವರಾರು, ಗಾಯ ಕಟ್ಟಿದವರಾರು, ಮನೆಗೆ ಬಂದ ಮೇಲೆ ಉಣಿಸಿ ಎಬ್ಬಿಸಿದವರಾರು ಎಂಬುದನ್ನು ಕೇಳಿ, ಅವನು ಒಪ್ಪಿದರೆ ಬರೆದುಕೊಳ್ಳಲಿ. ಕಲ್ಲು ಇನ್ನೂ ನೂರು ವರ್ಷ ಅಲ್ಲಿಯೇ ನಿಂತಿದ್ದೀತು. ಆ ಮುದುಕನು ಮುಂದಿನ ರಜೆಯವರೆಗೆ ಇರುವನೋ ಇಲ್ಲವೋ.